ಮಾವನ ಕಾರಿಗೆ ಹೊಸ ವೈರು

ಎಲ್ಲಕ್ಕೂ ಕಾರಣ ಮಾವನ ಒಂದು ಮಾತು. ಗುಂಡ್ಲುಪೇಟೆಯ ಶಿವರುದ್ರಸ್ವಾಮಿಯವರು ತಮ್ಮ ಹಳೆಯ ಮಾರುತಿ ಕಾರನ್ನು, ಮಗಳು ಪವಿತ್ರಳ ಮನೆಯಲ್ಲಿರಲಿ ಎಂದು ಚಾಮರಾಜನಗರಕ್ಕೆ ಕಳಿಸಿದ್ದರು. ಹೋದ ತಿಂಗಳು ಯಾರದೋ ಮದುವೆಯಲ್ಲಿ, ಎಲೆಯ ಮುಂದೆ ಕೂತ ನೆಂಟರೆಲ್ಲ ಕೇಳುವಂತೆ, "ಕಾರು ಕೊಟ್ಟೆ ಕಣ್ರಪ್ಪ. ನಮ್ಮ ಅಳಿಯಂದ್ರು ಅದ್ನ ಕತ್ಲೆ ಕೋಣೆ ಮಾಡ್ಬುಟ್ರು" ಎಂದುಬಿಟ್ಟರು. ಅಳಿಯ ಮೃತ್ಯುಂಜಯ ಅರ್ಧ ತಿಂದ ಹೋಳಿಗೆ ಬಿಟ್ಟು ಎಲೆ ಮಡಚಿದ.

ಮಾತೇನೋ ಸುಳ್ಳಲ್ಲ. ಹೆಡ್‌ಲೈಟು ಎಣ್ಣೆ ತೀರಿದ ದೀಪದ ಹಾಗೆ ಮಿಣುಕುತ್ತಿತ್ತು. ಮೆಕ್ಯಾನಿಕ್ ನೋಡಿ, "ಬಲ್ಬ್ ಚೆನ್ನಾಗದೆ ಸಾ, ವೈರು ಹಳೇದಾಗದೆ. ಬ್ಯಾಟರಿಯಿಂದ ಲೈಟಿಗೆ ನೇರ ಕರೆಂಟ್ ಕೊಡೋ ವೈರಿಂಗ್ ಸೆಟ್ ಬರ್ತದೆ, ತರುಸ್ಕಳಿ" ಎಂದ. ಮೃತ್ಯುಂಜಯ ತರಿಸಿದ. ಜೋಡಿಸುವ ಕೆಲಸವನ್ನು ಮಾತ್ರ ಮೆಕ್ಯಾನಿಕ್‌ಗೆ ಬಿಡಲಿಲ್ಲ. 'ನಾನೇ ಮಾಡಿದೆ' ಎಂದು ಮಾವನಿಗೆ ಹೇಳಬೇಕಿತ್ತಲ್ಲ!

ಆ ಭಾನುವಾರ ಸಂಜೆ ಗುಂಡ್ಲುಪೇಟೆಯಲ್ಲಿ ಭಾಮೈದ ದಿಲೀಪನ ಮಗುವಿಗೆ ತೊಟ್ಟಿಲ ಶಾಸ್ತ್ರ. ಮುಸ್ಸಂಜೆಯಲ್ಲಿ ಮಾವನ ಮನೆ ಗೋಡೆಗೆಲ್ಲ ಬೆಳಕು ಚೆಲ್ಲುತ್ತ ಹೋಗಿ ಇಳಿಯಬೇಕು. ನೆಂಟರ ಎದುರು ಹೋದ ಮಾನ ನೆಂಟರ ಎದುರೇ ವಾಪಸು ಬರಬೇಕು. ಬೆಳಿಗ್ಗೆ ತಿಂಡಿ ಮುಗಿಸಿದವನೇ ಬಾನೆಟ್ ಎತ್ತಿದ.

ಹಾಲಿನ ಪಾತ್ರೆ ಸದ್ದಾದರೆ ಬೆಕ್ಕು ಬರುವ ಹಾಗೆ ಎದುರುಮನೆಯ ಸಿದ್ದಮಲ್ಲಪ್ಪ ಬಂದರು. ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿ ರಿಟೈರಾದವರು.

"ಕರೆಂಟ್ ಕೆಲ್ಸ ಮಾಡ್ತಾ ಇದ್ದೀಯೆ, ನನ್ನ ಒಂದ್ ಮಾತು ಕೇಳ್ಬಾರ್ದೇನ್ಲಾ?"

"ಇದು ಕಾರಿನ ಕರೆಂಟು, ಮಲ್ಲಪ್ಪಣ್ಣ."

"ಯಾವ್ದಾದ್ರೇನು? ಅರ್ಧ ಆಯಸ್ಸು ಕಂಬದ ಮೇಲೇ ಕಳ್ದೋನು ಕಣಪ್ಪ ನಾನು. ಈ ಕರೀ ವೈರು ಅರ್ತಿಂಗು, ನೆಲಕ್ಕೆ ಹೋಗ್ಬೇಕು. ಮೊದ್ಲು ಗುಂಡಿ ತೋಡು."

"ಗುಂಡೀನಾ?"

"ಇನ್ನೇನು ಮತ್ತೆ? ಉಪ್ಪು, ಇದ್ದಲು, ಒಂದು ಕಬ್ಬಿಣದ ಸಲಾಕೆ. ಮನೆಗೆ ಬೇಕು, ಕಾರಿಗೆ ಬ್ಯಾಡ್ವಾ?"

ಆ ವೈರನ್ನು ಕಾರಿನ ಕಬ್ಬಿಣದ ಮೈಗೇ ಬಿಗಿಯಬೇಕು ಎಂದು ಮೃತ್ಯುಂಜಯ ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ಕರಿಬಸಮ್ಮ ಉಪ್ಪಿನ ಡಬ್ಬಿ ಹಿಡಿದು ಬಂದಾಗಿತ್ತು. ಸ್ವಲ್ಪ ಹೊತ್ತಿಗೆಲ್ಲ ಕಾರು, ಗೂಟಕ್ಕೆ ಕಟ್ಟಿದ ಹಸುವಿನಂತೆ, ಅಂಗಳದ ಸಲಾಕೆಗೆ ಕಟ್ಟಿಸಿಕೊಂಡು ನಿಂತಿತು. ಲೈಟು ಹತ್ತಲಿಲ್ಲ.

"ನೀರು ಸಾಲ್ದು" ಎಂದರು ಸಿದ್ದಮಲ್ಲಪ್ಪ. ಕರಿಬಸಮ್ಮ ಗುಂಡಿಗೆ ಕೊಡ ನೀರು ಸುರಿದರು. ಆಗಲೂ ಹತ್ತಲಿಲ್ಲ.

"ಅಲ್ಲ ಮಲ್ಲಪ್ಪಣ್ಣ, ಗುಂಡ್ಲುಪೇಟೆಗೆ ಹೋಗುವಾಗ ಈ ಗುಂಡೀನೂ ಹೊತ್ಕಂಡು ಹೋಗ್ಬೇಕಾ?" ಬಾಗಿಲಲ್ಲಿ ನಿಂತ ಪವಿತ್ರ ಕೇಳಿದಳು. ಸಿದ್ದಮಲ್ಲಪ್ಪ ತಲೆ ಕೆರೆದುಕೊಂಡರು. ಅದೇ ಸಮಯ ನೋಡಿ ಮೃತ್ಯುಂಜಯ ಕರಿ ವೈರನ್ನು ಕಾರಿನ ಮೈಗೆ ಬಿಗಿದ.

ಈಗ ಸ್ವಿಚ್ ಹಾಕಿದರೆ ಏನೂ ಇಲ್ಲ. ಹಾರ್ನ್ ಒತ್ತಿದರೆ ಸದ್ದಿಲ್ಲದೆ ಲೈಟು ಝಗ್ಗೆಂದಿತು! ಹೊಸ ಸೆಟ್ಟನ್ನು ಹಾರ್ನಿನ ವೈರಿಗೆ ಸಿಕ್ಕಿಸಿದ್ದ.

"ಒಳ್ಳೇದೇ ಆಯ್ತು ಬುಡಪ್ಪ," ಎಂದರು ಕರಿಬಸಮ್ಮ, "ಅಡ್ಡ ಬಂದೋರು ಯಾರು ಅಂತ ಮುಖನಾರ ಕಾಣ್ತದೆ."

ಮೃತ್ಯುಂಜಯ ಮತ್ತೆ ಬಾನೆಟ್ ಒಳಗೆ ತಲೆ ತೂರಿಸಿದ. ಮಗುವಿನ ಸಿಕ್ಕುಗೂದಲು ಬಿಡಿಸುವ ತಾಯಿಯಂತೆ ಒಂದೊಂದೇ ವೈರು ಬಿಡಿಸಿ, ಮತ್ತೆ ಜೋಡಿಸುತ್ತ ಊಟದ ಹೊತ್ತೂ ಮರೆತ. ಕೊನೆಗೆ ಸ್ವಿಚ್ ಹಾಕಿದಾಗ ಎದುರಿದ್ದ ಸಿದ್ದಮಲ್ಲಪ್ಪ ಬೆಳಕು ತಾಳದೆ ಕಣ್ಣು ಮುಚ್ಚಿಕೊಂಡು, "ಅರ್ತಿಂಗು ಈಗ ಹಿಡೀತು ನೋಡು!" ಎಂದರು.

ಸಂಜೆ ಗುಂಡ್ಲುಪೇಟೆಯಲ್ಲಿ ಅಂದುಕೊಂಡಂತೆಯೇ ಆಯಿತು. ಬೆಳಕು ಗೋಡೆಗೆ ಬಿದ್ದದ್ದೇ ನೆಂಟರೆಲ್ಲ ಹೊರಗೆ ಬಂದರು. ಮಾವ ತಾವೇ ಸೀಟಿನಲ್ಲಿ ಕೂತು ಲೈಟು ಹಾಕಿ ಆರಿಸಿ, ಹಾಕಿ ಆರಿಸಿ ನೋಡಿದರು.

"ಯಾರು ಮಾಡಿದ್ದು ಅಳಿಯಂದ್ರೆ?"

"ನಾನೇ, ಮಾವ."

"ನೋಡ್ರಪ್ಪ, ಕೈ ಅಂದ್ರೆ ಇದು ಕಣ್ರಪ್ಪ!"

ಮೃತ್ಯುಂಜಯನ ಎದೆ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತು. ತೊಟ್ಟಿಲು ತೂಗಿ, ಊಟ ಮುಗಿಸಿ, ಹೊರಡಲು ಕೀ ಕೇಳಿದ.

"ಕೀ ದಿಲೀಪನ ತಾವದೆ," ಎಂದರು ಮಾವ. "ಮಗೀಗೆ ಇಂಜೆಕ್ಷನ್ನು, ಆಸ್ಪತ್ರೆ ಅಂತ ಇನ್ನು ಹೊತ್ತಲ್ಲದ ಹೊತ್ತಲ್ಲಿ ಓಡಾಡ್ಬೇಕು. ಲೈಟಿಲ್ವಲ್ಲ ಅಂತ ಯೋಚ್ನೆ ಮಾಡ್ತಿದ್ದೊ. ನೀವೇ ಸರಿ ಮಾಡ್ಕೊಟ್ರಿ."

ತೊಟ್ಟಿಲಲ್ಲಿದ್ದ ಕೂಸಿನ ಜೊತೆ ಯಾರು ತಾನೇ ಜಗಳವಾಡಿಯಾರು?

"ಬೇಜಾರ್ ಮಾಡ್ಕಬ್ಯಾಡಿ," ಮಾವ ಅವನ ಹೆಗಲ ಮೇಲೆ ಕೈಯಿಟ್ಟು ಹಿತ್ತಲಿಗೆ ಕರೆದೊಯ್ದರು. "ನಮ್ಮಪ್ಪನ ಕಾಲದ ಈ ಜೀಪು ಇನ್ಮೇಲೆ ನಿಮ್ದೇ. ಇಂಜಿನ್ ಕಲ್ಲಿದ್ದಂಗದೆ. ವೈರ್‌ನೆಲ್ಲ ಇಲಿ ತಿಂದವೆ, ಅಷ್ಟೇಯ."

ಟಾರ್ಚ್ ಬಿಟ್ಟು ನೋಡಿದರೆ ಡ್ರೈವರ್ ಸೀಟಿನಲ್ಲಿ ಬೆಕ್ಕೊಂದು ಮರಿಗಳಿಗೆ ಹಾಲೂಡಿಸುತ್ತ ಮಲಗಿತ್ತು.

"ಪಾಪ, ಅವು ಕಣ್ಬುಡೋಗಂಟ ಇರ್ಲಿ, ಆಮ್ಯಾಕೆ ಎಳ್ಕಂಡೋಗಿ," ಎಂದರು ಮಾವ. "ಅಲ್ಲೀಗಂಟ ಬಸ್ಸು ಇದ್ದೇ ಅದಲ್ಲ!"