ತಣ್ಣೀರಿಲ್ಲದ ಊರಿನಲ್ಲಿ ಮೊಟ್ಟೆ ಬೇಯಿಸಿದ್ದು

ಮೊಟ್ಟೆ ಬೇಯಿಸುವುದು ಸುಲಭ ಎನ್ನುವವರ ಮೇಲೆ ನನಗೆ ಅನುಮಾನ. ಅವರು ಬಾಡಿಗೆ ಮನೆಯಲ್ಲಿ ಇದ್ದವರಲ್ಲ. ನಾನು ಇದ್ದೇನೆ. ನನ್ನ ಮಟ್ಟಿಗೆ ಒಂದು ಮೊಟ್ಟೆಯೂ ಸುಮ್ಮನೆ ಬೆಂದದ್ದಿಲ್ಲ. ಪ್ರತಿ ಸಲವೂ ಏನಾದರೊಂದು ಆಗಿಯೇ ತೀರುತ್ತದೆ.

೧. ಕರಾರು

ಕುರುಗೋಡಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವುದು ನನ್ನ ಕೆಲಸ. ವಾಸ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, ಒಂದು ಮನೆಯ ಮಹಡಿ. ಕೆಳಗೆ ಮಾಲೀಕರಮ್ಮ. ಮನೆಗೆ ದೊಡ್ಡ ಸಂಪು ಇದೆ. ನಲ್ಲಿ ನೀರು ಯಾವಾಗ ಬಂದೀತೆಂದು ಯಾರೂ ಹೇಳಲಾರದ ಊರಿನಲ್ಲಿ ಇಂಥ ಮನೆ ಸಿಗುವುದು ಹೆಣ್ಣು ಸಿಗುವುದಕ್ಕಿಂತ ಕಷ್ಟ. ನನಗೆ ಹೆಣ್ಣು ಸಿಕ್ಕಿಲ್ಲ. ಆದ್ದರಿಂದ ಮನೆಯನ್ನಂತೂ ಬಿಡುವ ಹಾಗಿರಲಿಲ್ಲ.

ಮನೆ ನೋಡಲು ಹೋದ ದಿನ ವಿಚಾರಣೆ ನಡೆಯಿತು.

"ಒಬ್ಬರೇ ಇರ್ತೀರೇನ್ರಿ ಸರ್?"

"ಹೌದ್ರಿ ಅಮ್ಮಾರ."

"ಲಗ್ನ?"

"ಆಗಿಲ್ರಿ."

ಅವರ ಮುಖದಲ್ಲಿ ಅನುಮಾನ ಎದ್ದಿತು. "ನೋಡ್ರಿ, ನಮ್ಮ ಮನ್ಯಾಗ ತತ್ತಿ ಸೈತ ನಡ್ಯಂಗಿಲ್ಲ. ಹಿಂದಿನೋರು ಒಂದು ಆಮ್ಲೆಟ್ ಮಾಡಿದ್ರು. ಅವತ್ತೇ ಸಂಜೀಕ ಮನಿ ಖಾಲಿ ಮಾಡಿಸಿದೆ."

"ಈಗೆಲ್ಲಿ ಅದಾರ್ರಿ ಅವರು?"

"ನೀರಿಲ್ಲದ ಕಡಿ ಅದಾರ."

೨. ಸಾಕ್ಷಿ

ಕೆಲವು ತಿಂಗಳಾದ ಮೇಲೆ ಡಾಕ್ಟರು ನನ್ನ ರಕ್ತ ನೋಡಿ, ಪ್ರೋಟೀನ್ ಸಾಲದು, ದಿನಾ ಬೇಯಿಸಿದ ಮೊಟ್ಟೆ ತಿನ್ನಿ ಎಂದರು. ಕಂಟೋನ್ಮೆಂಟಿನ ಅಂಗಡಿಯಲ್ಲಿ ಮೊಟ್ಟೆ ಕೊಳ್ಳುವುದೂ ಮಾಲೀಕರಮ್ಮನಿಗೆ ಫೋನು ಮಾಡಿ ಹೇಳುವುದೂ ಒಂದೇ. ಕುರುಗೋಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಿರಾಣಿ ಅಂಗಡಿ ಹುಡುಕಿಕೊಂಡೆ.

ಮೊಟ್ಟೆಯೊಳಗೆ ಏನಿದೆಯೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಅಂಥ ವಸ್ತುವನ್ನು ನಾನು ನಂಬುವುದಿಲ್ಲ. ತಾಜಾ ಮೊಟ್ಟೆ ನೀರಿನಲ್ಲಿ ಮುಳುಗುತ್ತದೆ, ಹಳೆಯದು ತೇಲುತ್ತದೆ. ಒಂದು ಬಕೆಟ್ ನೀರು ಕೇಳಿದೆ. ಅಂಗಡಿಯವನು ಕೊಟ್ಟ. ಒಂದೊಂದೇ ಮುಳುಗಿಸಿ, ಎತ್ತಿ, ಒರೆಸಿ, ಬೆಳಕಿಗೆ ಹಿಡಿದು ನೋಡಿದೆ. ಹಿಂದೆ ಗಿರಾಕಿಗಳ ಸಾಲು ಬೆಳೆಯಿತು.

ಅಂಗಡಿಯವನು ತಾಳ್ಮೆಯಿಂದ ಕೇಳಿದ: "ಸರ್, ಇವನ್ನ ಇಟ್ಟ ಕೋಳಿನೂ ಕರಸ್ಲೇನ್ರಿ? ಒಂದು ಮಾತು ಕೇಳಿಬಿಡ್ರಿ."

೩. ಆಲೂಗಡ್ಡೆ

ತಾಜಾ ಮೊಟ್ಟೆಗೆ ಸಿಪ್ಪೆ ಅಂಟಿಕೊಂಡಿರುತ್ತದೆಂದು ಮರುದಿನ ತಿಳಿಯಿತು. ಸುಲಿದು ಮುಗಿಸಿದಾಗ ಇಲಿ ಕಡಿದಿಟ್ಟ ಹಾಗೆ ಕಾಣುತ್ತಿತ್ತು. ಸ್ಟಾಫ್ ರೂಮಿನಲ್ಲಿ ವಿಚಾರಿಸಿದೆ. ಒಬ್ಬರು ಉಪ್ಪು ಹಾಕಿ ಎಂದರು, ಇನ್ನೊಬ್ಬರು ನಿಂಬೆಹಣ್ಣು ಹಿಂಡಿ ಎಂದರು. ಹಿಂಡಿದರೆ ಸಿಪ್ಪೆ ತಾನಾಗಿ ಬರುವುದನ್ನು ಕಣ್ಣಾರೆ ನೋಡಿದ್ದೀರಾ ಎಂದೆ. "ಇಲ್ರಿ, ಸುಲಿಯೋದು ನಮ್ಮನ್ಯಾಕಿ."

ಕೊನೆಗೆ ನಾನೇ ಪ್ರಯೋಗ ಮಾಡಿ ಕಂಡುಕೊಂಡದ್ದು ಇಷ್ಟು: ಮೊಟ್ಟೆ ನಾಲ್ಕು ದಿನ ಹಳತಾಗಲಿ. ಮುಳುಗುವಷ್ಟು ನೀರು ಹಾಕಿ, ಚೆನ್ನಾಗಿ ಕುದಿ ಬಂದ ಮೇಲೆ ಒಲೆ ಆರಿಸಿ, ಹತ್ತು ಹನ್ನೆರಡು ನಿಮಿಷ ಮುಚ್ಚಿಡಿ. ಆಮೇಲೆ ತಕ್ಷಣ ತಣ್ಣೀರಿಗೆ ಹಾಕಿ.

ಆ ಕೊನೆಯ ಮಾತಿನಲ್ಲೇ ಸಿಕ್ಕಿಬಿದ್ದೆ. ಏಪ್ರಿಲ್ ತಿಂಗಳು, ಬಳ್ಳಾರಿ, ಮೇಲಿನ ಟ್ಯಾಂಕಿನ ನೀರು. ಅದರಲ್ಲಿ ಹಾಕಿದರೆ ಮೊಟ್ಟೆ ಇನ್ನಷ್ಟು ಬೇಯುತ್ತದೆ. ನನ್ನಲ್ಲಿ ಫ್ರಿಜ್ ಇರಲಿಲ್ಲ. ಪಾತ್ರೆಯನ್ನು ಒಲೆಯ ಮೇಲಿಟ್ಟು ಕೆಳಗೆ ಹೋಗಿ, ತಲೆನೋವು ಎಂದು ಹೇಳಿ ಐಸ್ ಕೇಳಿದೆ. ನೀವು ನಡೀರಿ, ತರುತ್ತೇನೆ ಎಂದ ಮಾಲೀಕರಮ್ಮ ನನ್ನ ಬೆನ್ನ ಹಿಂದೆಯೇ ಮಹಡಿ ಹತ್ತಿದರು. ಒಲೆಯ ಮೇಲೆ ಮುಚ್ಚಿದ ಪಾತ್ರೆಯೊಳಗೆ ಟಕಟಕ ಸದ್ದು.

"ಏನ್ರಿ ಅದು?"

"ಆಲೂಗಡ್ಡಿ ರೀ."

ಅವರು ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರು. "ನಮ್ಮ ಆಲೂಗಡ್ಡಿ ಬೇಯೋವಾಗ ಇಷ್ಟು ಮಾತಾಡಂಗಿಲ್ಲ ನೋಡ್ರಿ."

೪. ಗುಲಾಬಿ

ಮೊಟ್ಟೆಯನ್ನು ತಿಂದು ಮರೆಮಾಚಬಹುದು. ಸಿಪ್ಪೆಯನ್ನು ಏನು ಮಾಡುವುದು? ಕಸದ ಗಾಡಿಗೆ ಬಕೆಟ್ ಒಯ್ಯಬೇಕಾದರೆ ಮಾಲೀಕರಮ್ಮನ ಬಾಗಿಲನ್ನು ದಾಟಬೇಕು. ಸಿಪ್ಪೆಯನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ, ಮೆಟ್ಟಿಲ ಮೇಲಿದ್ದ ನನ್ನ ಗುಲಾಬಿ ಕುಂಡಕ್ಕೆ ಸುರಿಯತೊಡಗಿದೆ. ಗಿಡ ವಿಪರೀತ ಹೂ ಬಿಟ್ಟಿತು. ಆ ಪುಡಿ ಮಣ್ಣಿನಲ್ಲಿ ಕರಗಲು ಬಹಳ ಕಾಲ ಬೇಕು. ಗಿಡ ಚಿಗುರಿದ್ದು ಸಂಪಿನ ನೀರಿಗೆ ಎಂದು ನನ್ನ ಗುಮಾನಿ. ಆದರೆ ಕೇಳುವವರು ಯಾರು?

ಮಾಲೀಕರಮ್ಮ ದಿನಾ ಬೆಳಿಗ್ಗೆ ಅದೇ ಗುಲಾಬಿ ಕಿತ್ತು ದೇವರಿಗೆ ಏರಿಸತೊಡಗಿದರು. ಒಂದು ದಿನ ಗೊಬ್ಬರ ಯಾವುದೆಂದು ಕೇಳಿದರು.

"ಸುಣ್ಣದ ಪುಡಿ ರೀ. ಕಾಲೇಜಿಂದು."

ಚಿಟಿಕೆ ಎತ್ತಿ ಮೂಸಿದರು. ನನ್ನ ಮುಖ ನೋಡಿದರು. ಮತ್ತೆ ಮೂಸಿದರು. ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿದೆ.

"ನಮ್ಮ ದಾಸವಾಳಕ್ಕೂ ಒಂದು ಬಟ್ಟಲ ಕೊಡ್ರಿ," ಎಂದರು.

೫. ಸಿರುಗುಪ್ಪದ ತಂಗಿ

ದಾಸವಾಳವನ್ನು ನೋಡಿ ಸಿರುಗುಪ್ಪದಿಂದ ಬಂದ ಅವರ ತಂಗಿ, "ಅಕ್ಕಾ, ನಮ್ಮ ಮಲ್ಲಿಗಿಗೂ ಬೇಕವಾ," ಎಂದಳು. ಅವಳಿಗೆ ಒಂದು ಡಬ್ಬಿ. ಅವಳ ಪಕ್ಕದ ಮನೆಗೆ ಒಂದು ಡಬ್ಬಿ. ನನ್ನ ಆರೋಗ್ಯಕ್ಕೆಂದು ಶುರುವಾದ ಮೊಟ್ಟೆಯನ್ನು ಈಗ ಸಿರುಗುಪ್ಪದ ಮಲ್ಲಿಗೆಗಾಗಿ ತಿನ್ನುತ್ತಿದ್ದೆ. ಬೆಳಿಗ್ಗೆ ಮೊಟ್ಟೆ, ರಾತ್ರಿ ಮೊಟ್ಟೆ, ಕನಸಿನಲ್ಲಿ ಕೋಳಿ.

ಸಾಕಾಗಿ ಎಗ್‌ರೈಸ್ ಬಂಡಿಯವನ ಹತ್ತಿರ ಹೋಗಿ, ಏನೂ ಕೊಳ್ಳದೆ, ಬರೀ ಸಿಪ್ಪೆ ಕೇಳಿದೆ. ಅವನ ಕೈಯಲ್ಲಿದ್ದ ಸೌಟು ನಿಂತಿತು.

"ಸಿಪ್ಪಿ ಯಾಕ್ರಿ?"

"ಬೇಕಾಗೈತಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಸರ್, ಓದಿದೋರು ಕಾಣ್ತೀರಿ. ಮಾಟ ಮಾಡಸಾಕ ನನ್ನ ಬಂಡಿನೇ ಬೇಕಿತ್ತೇನ್ರಿ?"

೬. ತೀರ್ಪು

ಮುಂದಿನ ಸಲ ಡಾಕ್ಟರು ಮತ್ತೆ ರಕ್ತ ನೋಡಿದರು. ಈ ಸಲ ಕೊಲೆಸ್ಟ್ರಾಲ್. "ಇಷ್ಟು ಮೊಟ್ಟೆ ಯಾಕ್ರಿ ತಿಂದ್ರಿ?" ಎಂದರು. ಗಿಡಗಳಿಗೋಸ್ಕರ ಎನ್ನಲು ಬಾಯಿ ಬರಲಿಲ್ಲ.

ಮೊಟ್ಟೆ ನಿಲ್ಲಿಸಿದೆ. ವಾರ ಕಳೆಯುವಷ್ಟರಲ್ಲಿ ಮಾಲೀಕರಮ್ಮ ಖಾಲಿ ಡಬ್ಬಿ ಹಿಡಿದು ಮಹಡಿಗೆ ಬಂದರು.

"ಕಾಲೇಜಿನಾಗ ಪುಡಿ ಬರೋದು ನಿಂತೈತ್ರಿ ಅಮ್ಮಾರ," ಎಂದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. "ನನ್ನ ತಂಗಿ ಅಳಿಯ ಬಳ್ಳಾರ್‍ಯಾಗ ಮನಿ ಹುಡುಕಾಕ ಹತ್ಯಾನ. ಸಂಪಿರೋ ಮನೀನೇ ಬೇಕಂತ. ಪುಡಿ ನಾನು ಕೊಡ್ತೀನಿ ಅಂತಾನ."

ಒಂದು ಆಮ್ಲೆಟ್ಟಿಗೆ ಮನೆ ಬಿಡಿಸಿದ ಹೆಂಗಸು ಮೊಟ್ಟೆ ತಿನ್ನದಿದ್ದಕ್ಕೆ ನನ್ನನ್ನು ಹೊರಗೆ ಹಾಕಲು ಕೂತಿದ್ದರು. ನಾನು ಬೆವರು ಒರೆಸಿಕೊಂಡು, ಡಾಕ್ಟರು ಪಥ್ಯ ಹೇಳಿದ್ದಾರೆ, ಆಲೂಗಡ್ಡೆ ಬಿಡು ಅಂದಿದ್ದಾರೆ ಎಂದೆ.

ಮಾಲೀಕರಮ್ಮ ಡಬ್ಬಿಯನ್ನು ನನ್ನ ಕೈಗಿಟ್ಟು ಎದ್ದರು.

"ಆಲೂಗಡ್ಡಿ ಒಳಗಿನ ಹಳದಿ ಬಿಡ್ರಿ ಅಂದಿರ್ತಾರ. ಸಿಪ್ಪಿ ಬಿಡ್ರಿ ಅಂತ ಯಾವ ಡಾಕ್ಟ್ರು ಅಂದಾನ? ಬಿಳೀದು ನೀವು ತಿನ್ರಿ, ಹಳದಿ ಬೆಕ್ಕಿಗೆ ಹಾಕ್ರಿ, ಸಿಪ್ಪಿ ನನಗ ಕೊಡ್ರಿ."

ಎರಡು ಮೆಟ್ಟಿಲು ಇಳಿದವರು ತಿರುಗಿ ನಿಂತರು.

"ಸೋಮವಾರ ಮಾತ್ರ ಬೇಯಿಸಬ್ಯಾಡ್ರಿ. ದೇವರ ವಾರ. ನಮ್ಮ ಮನ್ಯಾಗ ಅವತ್ತು ಆಲೂಗಡ್ಡಿ ನಡ್ಯಂಗಿಲ್ಲ."