ಏರಿದ್ದು ಅಂಕಿ ಮಾತ್ರ

೧೯೯೦ರಲ್ಲಿ, ಇರಾಕಿನ ಸೈನ್ಯ ಬರುವ ಕೆಲವು ತಿಂಗಳ ಮೊದಲು, ನನ್ನ ಭಾವಮೈದುನ ವಿಲ್ಲಿಯ ಮದುವೆ ಕುವೈತಿನಲ್ಲೇ ನಿಶ್ಚಯವಾಯಿತು. ಮುನ್ನಾದಿನದ ರೋಸ್‌ಗೆ, ಅಂದರೆ ಮದುಮಗನಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೆ, ಗ್ಲಾಸೆತ್ತಿ ಶುಭ ಹಾರೈಸುವ ಟೋಸ್ಟ್‌ಗೆ ಒಂದು ಗುಟುಕಾದರೂ ಬೇಡವೇ? ಮದ್ಯ ನಿಷೇಧದ ದೇಶ. ಬಿಯರಿನ ಚಿಂತೆ ನನಗೆ ಬಿಡು ಎಂದು ವಿಲ್ಲಿಗೆ ಹೇಳಿದೆ. ಅಲ್ಲಿನ ಅಹ್ಮದಿ ಪಟ್ಟಣದ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ಕಚ್ಚಾ ಎಣ್ಣೆ ಅಳೆದವನಿಗೆ ಈ ಎಣ್ಣೆ ಯಾವ ಲೆಕ್ಕ!

ನರ್ಸ್ ಆಗಿದ್ದ ನನ್ನ ಹೆಂಡತಿ ಲೂಸಿ ಒಪ್ಪಲಿಲ್ಲ. ಸಿಕ್ಕಿಬಿದ್ದರೆ ಇಲ್ಲಿರುವ ಪರವಾನಗಿ, ಇಕಾಮಾ, ಖಲಾಸ್, ಇಬ್ಬರೂ ಊರಿಗೆ ಎಂದಳು. ನಾನು ಕೇಳಲಿಲ್ಲ. ಅಂಗಡಿಯ ಅಮಲಿಲ್ಲದ ಮಾಲ್ಟ್ ಪಾನೀಯಕ್ಕೆ ಸಕ್ಕರೆ, ಯೀಸ್ಟ್ ಬೆರೆಸಿ ಬಚ್ಚಲಲ್ಲಿಟ್ಟೆ. ಪಕ್ಕದ ಕ್ವಾರ್ಟರ್ಸಿನ ಇಂಗ್ಲಿಷ್ ಇಂಜಿನಿಯರ್ ರಜೆಗೆ ಹೋಗುವಾಗ, ಬಿಯರಿನಲ್ಲಿ ತೇಲಿಬಿಟ್ಟು ನೋಡುವ ಗಾಜಿನ ಮಾಪಕವೊಂದನ್ನು ಕೊಟ್ಟುಹೋದ. ಅದನ್ನು ಓದುವ ಕ್ರಮ ಹೇಳಹೊರಟವನನ್ನು ನಾನೇ ತಡೆದೆ. ನನಗೆ ಕಲಿಸುವುದೇ!

ಮೂರನೇ ದಿನ ನೋಡಿದರೆ ಅಂಕಿ ಇಳಿದಿತ್ತು. ನಮ್ಮ ಲ್ಯಾಬಿನ ಮಾಪಕದಲ್ಲಿ ಅಂಕಿ ಏರಿದಷ್ಟೂ ಎಣ್ಣೆ ಹಗುರ, ಹಗುರವಾದಷ್ಟೂ ಉತ್ತಮ. ಇಳಿಯಿತೆಂದರೆ ಬಿಯರಿನ ಶಕ್ತಿ ಸೋರಿಹೋಗುತ್ತಿದೆ ಎಂದೇ ಅರ್ಥ. ಅರ್ಧ ಕಿಲೋ ಸಕ್ಕರೆ ಸುರಿದೆ. ಅಂಕಿ ಏರಿತು! ಮರುದಿನ ಮತ್ತೆ ಇಳಿಯಿತು. ಮತ್ತೆ ಸುರಿದೆ. ಹತ್ತು ದಿನ ಇದೇ ಸೇವೆ. ಕೊನೆಗೆ ಗುಳ್ಳೆ ಏಳುವುದು ನಿಂತಿತು, ಅಂಕಿ ಮೇಲೆಯೇ ಉಳಿಯಿತು. ವಿಲ್ಲಿಗೆ ಫೋನ್ ಮಾಡಿ, ಯಾರಿಗೂ ಅರ್ಧ ಗ್ಲಾಸಿಗಿಂತ ಹೆಚ್ಚು ಕೊಡಬೇಡ, ಕುಡಿದವರು ಕಾರು ಓಡಿಸಬಾರದು ಎಂದು ಎಚ್ಚರಿಸಿದೆ.

ರೋಸಿನ ದಿನ ಟೋಸ್ಟ್ ಹೇಳಿದವರು ಲೂಸಿಯ ಸೋದರಮಾವ, ಲೀನೊ ಮಾಮ. ನಲವತ್ತು ಗ್ಲಾಸುಗಳು ಒಟ್ಟಿಗೆ ಮೇಲೇರಿ, ಒಟ್ಟಿಗೇ ಕೆಳಗಿಳಿದವು. ವಿಲ್ಲಿಯ ಮೀಸೆ ತುಟಿಗೆ ಅಂಟಿಕೊಂಡಿತ್ತು.

"ಭಾವ, ಇದು ಕೆಮ್ಮಿನ ಔಷಧವಾ?" ಎಂದ.

ನಾನು ಅಂಕಿ, ಸಕ್ಕರೆ ಎರಡನ್ನೂ ದಿನಾ ಬರೆದಿಟ್ಟ ಪಟ್ಟಿಯನ್ನು ಜೇಬಿನಿಂದ ತೆಗೆದು ತೋರಿಸಿದೆ. ಲೂಸಿ ಅದರ ಮೇಲೆ ಒಮ್ಮೆ ಕಣ್ಣಾಡಿಸಿದಳು.

"ಸಕ್ಕರೆ ಹಾಕಿದಾಗೆಲ್ಲ ಏರಿದ್ದು ಸಕ್ಕರೆಯೇ ಅಲ್ವಾ ಮಾರಾಯ್ರೆ? ಇಳಿಯುವಾಗಲೇ ಅದು ಬಿಯರ್ ಆಗ್ತಾ ಇದ್ದದ್ದು. ಕೊನೆಗೆ ಸಕ್ಕರೆ ಹೆಚ್ಚಾಗಿ ಯೀಸ್ಟೇ ಸತ್ತುಹೋಗಿದೆ."

ಇಂಜಿನಿಯರ್ ಹೇಳಹೊರಟದ್ದೂ ಇದನ್ನೇ ಇರಬೇಕು. ಪಟ್ಟಿಯನ್ನು ಮಡಚಿ ಮತ್ತೆ ಜೇಬಿಗಿಟ್ಟೆ.

ಲೀನೊ ಮಾಮ ಮಾತ್ರ ಮನೆಯ ಅಳಿಯನ ಮರ್ಯಾದೆ ಉಳಿಸಲು ಎರಡು ಗ್ಲಾಸು ಪೂರ್ತಿ ಕುಡಿದರು. ಸ್ವಲ್ಪ ಹೊತ್ತಿನಲ್ಲಿ ತಲೆ ಸುತ್ತುತ್ತದೆ ಎಂದು ಕುರ್ಚಿ ಹಿಡಿದು ಕೂತರು. ನನಗೆ ಒಂದು ಕ್ಷಣ ಆಸೆ ಚಿಗುರಿತು. ಲೂಸಿ ಬಂದು ಅವರ ಬೆರಳು ಚುಚ್ಚಿ ನೋಡಿದಳು. ಏರಿದ್ದು ಮಾಮನ ಶುಗರ್.

ಅದನ್ನು ಅಳೆಯಲು ನನ್ನನ್ನು ಯಾರೂ ಕರೆಯಲಿಲ್ಲ.