ಕೆಮ್ಮಿಗೆ ಬೆಕ್ಕೇ ಕಾರಣವೆಂದ ವಕೀಲರಿಗೆ

ಕಾರ್ಖಾನೆಯ ಪರವಾಗಿ ವಾದಿಸಿದ ಸನ್ಮಾನ್ಯ ವಕೀಲ ಒಕಿತ್ಸು ಅವರ ಸನ್ನಿಧಾನಕ್ಕೆ, ಶಿಯೊನೆ ಬಂದರಿನಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿರುವ ಕಿನುಯೊ ಹಮಾಗುಚಿ ಸೊಂಟ ಬಗ್ಗಿಸಿ ಮಾಡುವ ವಂದನೆಗಳು. ನವೆಂಬರ್ ೧೯೭೧.

ಮಾನ್ಯರೇ,

ನಾಲ್ಕು ವರ್ಷ ನಡೆದ ಮೊಕದ್ದಮೆಯಲ್ಲಿ ತಾವು ನಮ್ಮ ಮನೆಯ ಬಗ್ಗೆ ತೋರಿಸಿದಷ್ಟು ಕಾಳಜಿಯನ್ನು ನಮ್ಮ ಸ್ವಂತ ನೆಂಟರೂ ತೋರಿಸಿದ್ದಿಲ್ಲ. ನನ್ನ ಗಂಡ ತೊಮೆಕಿಚಿ ಮೂವತ್ತು ವರ್ಷ ಕಡಲಪಾಚಿ ಬೆಳೆದು, ಒಣಗಿಸಿ ಮಾರಿದವರು. ಕಾರ್ಖಾನೆಯ ಚಿಮಣಿಗಳು ಎದ್ದ ಎರಡನೆಯ ಚಳಿಗಾಲದಿಂದ ಅವರಿಗೆ ಉಬ್ಬಸ. ಮಲಗಿದರೆ ಉಸಿರು ಸಿಗದು, ಮಡಚಿಟ್ಟ ಹಾಸಿಗೆಗೆ ಒರಗಿ ಕೂತೇ ನಿದ್ದೆ. ಇದಕ್ಕೆ ಹೊಗೆಯೇ ಕಾರಣವೆಂದು ನಾವು ಎಂಟು ಮನೆಯವರು ನ್ಯಾಯಾಲಯಕ್ಕೆ ಹೋದಾಗ, ಹೊಗೆಯೊಂದನ್ನು ಬಿಟ್ಟು ಉಳಿದೆಲ್ಲ ಕಾರಣಗಳನ್ನೂ ತಾವು ಅತ್ಯಂತ ಶ್ರದ್ಧೆಯಿಂದ ಹುಡುಕಿಕೊಟ್ಟಿರಿ.

ಮೊದಲು ಸಿಗರೇಟು ಎಂದಿರಿ. ಅವರು ಸೇದಿದವರೇ ಅಲ್ಲ. ಆಮೇಲೆ ಬೆಕ್ಕಿನ ಕೂದಲು ಎಂದಿರಿ. ಬೆಕ್ಕನ್ನು ನನ್ನ ಅಕ್ಕನ ಊರಿಗೆ ಕಳಿಸಿದೆವು. ಬೆಕ್ಕು ಅಲ್ಲಿ ದಪ್ಪಗಾಯಿತು, ಉಬ್ಬಸ ಇಲ್ಲೇ ಉಳಿಯಿತು. ಚಾಪೆಯ ದೂಳು ಎಂದಿರಿ, ಹೊಸ ಚಾಪೆ ಹಾಸಿದೆವು. ಮನೆಯಲ್ಲಿ ಮೀನು ಸುಡುವ ಹೊಗೆ ಎಂದಿರಿ. ಸುಡುವುದು ಬಿಟ್ಟು ಬರೀ ಬೇಯಿಸಿ ಹಾಕಿದ ಆ ಎರಡು ತಿಂಗಳು ನನ್ನ ಗಂಡ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ, ತೀರಿಕೊಂಡು ಇಪ್ಪತ್ತು ವರ್ಷವಾದ ನನ್ನ ಅತ್ತೆಗೂ ಕೆಮ್ಮಿತ್ತೇ ಎಂದು ವಿಚಾರಿಸಿದಿರಿ. "ಇತ್ತು ಸ್ವಾಮಿ. ನಾನು ಕುಡಿದು ತಡವಾಗಿ ಬಂದ್ರೆ ಬಾಗಿಲ ಹಿಂದೆ ನಿಂತು ಕೆಮ್ಮೋಳು" ಎಂದು ನನ್ನ ಗಂಡ ಹೇಳಿದ್ದನ್ನೂ ತಾವು ಗಂಭೀರವಾಗಿ ಬರೆದುಕೊಂಡಿರಿ. ಅಂಥ ಕರ್ತವ್ಯನಿಷ್ಠೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅದೇ ದಿನ ತಾವು ನನ್ನನ್ನು ಕೇಳಿದಿರಿ: "ಹಮಾಗುಚಿಯವರೇ, ಇವರ ಎದೆಗೆ ಹೋಗಿದ್ದು ನಮ್ಮ ಚಿಮಣಿ ಹೊಗೇನೇ ಅಂತ ಹೇಗೆ ಹೇಳ್ತೀರಿ? ಹೊಗೆ ಮೇಲೆ ಹೆಸರು ಬರೆದಿರುತ್ತಾ?" ಮನೆಗೆ ಮರಳುವ ಬಸ್ಸಿನಲ್ಲಿ ಗಂಡನ ಬೆನ್ನು ನೀವುತ್ತಾ, "ಸಾಕು, ಬಿಟ್ಬಿಡೋಣ" ಎಂದೆ. ಅವರು ಎರಡು ನಿಲ್ದಾಣ ದಾಟುವವರೆಗೆ ಉಸಿರು ಕೂಡಿಸಿಕೊಂಡು, "ನಿನ್ನ ಕ್ಯಾಲೆಂಡರು ತೋರ್ಸು ಕಿನುಯೊ" ಎಂದರು.

ಕಾರ್ಖಾನೆಯ ಕಡೆಯಿಂದ ಗಾಳಿ ಬೀಸಿದರೆ ಒಗೆದ ಬಿಳಿ ಬಟ್ಟೆ ಕಪ್ಪಾಗುತ್ತದೆಂದು ನಾನು ದಿನವೂ ಗಾಳಿಯ ದಿಕ್ಕನ್ನು ಕ್ಯಾಲೆಂಡರಿನಲ್ಲಿ ಗುರುತಿಸುತ್ತಿದ್ದೆ. ಅವರಿಗೆ ಉಬ್ಬಸ ಕೆರಳಿದ ದಿನ ಅಲ್ಲೇ ಒಂದು ಸೊನ್ನೆ ಸುತ್ತುತ್ತಿದ್ದೆ. ಒಂಬತ್ತು ವರ್ಷದ ಕ್ಯಾಲೆಂಡರುಗಳನ್ನು ನಮ್ಮ ಡಾಕ್ಟರ್ ನಗುಮೊ ಊರಿನ ಆಸ್ಪತ್ರೆಗಳ ದಾಖಲೆಗಳೊಂದಿಗೆ ಹೋಲಿಸಿದರು. ಹೊಗೆ ಬೀಳುವ ಬೀದಿಗಳಲ್ಲಿ ಉಬ್ಬಸದವರು ಗುಡ್ಡದಾಚೆಗಿಂತ ಆರು ಪಟ್ಟು. ನನ್ನ ಸೊನ್ನೆಗಳು ಬಿದ್ದ ದಿನಗಳಲ್ಲೇ ಆ ಬೀದಿಗಳ ರೋಗಿಗಳೂ ಆಸ್ಪತ್ರೆಯಲ್ಲಿ ಸಾಲಾಗಿ ಕೂತಿದ್ದರು.

"ಬಟ್ಟೆ ಒಣಗಿಸೋ ಕ್ಯಾಲೆಂಡರು ವಿಜ್ಞಾನ ಅಲ್ಲ. ಇಲ್ಲಿ ಗಾಳಿ ಯಾವ ಕಡೆ ಹೋಗುತ್ತೆ ಅಂತ ಯಾರಿಗೂ ಗೊತ್ತಿಲ್ಲ" ಎಂದಿರಿ. ಆಗ ನ್ಯಾಯಾಧೀಶರು ಕಾರ್ಖಾನೆಯ ಎಂಜಿನಿಯರರನ್ನು ಕೇಳಿದರು: "ಹಾಗಾದ್ರೆ ನಿಮ್ಮ ಅಧಿಕಾರಿಗಳ ಮನೆಗಳನ್ನ ಗುಡ್ಡದ ಆಚೆ ಯಾಕೆ ಕಟ್ಟಿದ್ರಿ?"

ಆ ಸಜ್ಜನರು ಸುಳ್ಳು ಹೇಳಲಾರದೆ, "ಅಲ್ಲಿಗೆ ಹೊಗೆ ಬರಲ್ಲ ಅಂತ ಮೊದಲೇ ಗಾಳಿ ಅಳೆದು ನೋಡಿದ್ವಿ" ಎಂದರು. ತಾವು ಆಗ ನೀರು ಕುಡಿದ ರೀತಿಯೂ ಘನತೆಯಿಂದಲೇ ಇತ್ತು.

ಪ್ರತಿ ಉಸಿರಿನ ಹೊಗೆಗೂ ಹೆಸರು ಹುಡುಕಬೇಕಿಲ್ಲ, ಹೊಗೆ ಹೋದಲ್ಲೆಲ್ಲ ಕಾಯಿಲೆ ಹೋಗಿದ್ದರೆ ಅಷ್ಟೇ ಸಾಕು ಎಂದು ಕಳೆದ ತಿಂಗಳು ತೀರ್ಪಾಯಿತು. ತೀರ್ಪು ಎದೆಯೊಳಗೆ ಇಳಿಯುವ ಔಷಧವಲ್ಲ. ನನ್ನ ಗಂಡನ ಉಬ್ಬಸ ಹಾಗೇ ಇದೆ. ಆದರೂ ಪತ್ರಿಕೆಯ ಸುದ್ದಿಯನ್ನು ಅವರೇ ಗಟ್ಟಿಯಾಗಿ ಓದಿದರು. ಮೂರು ಕಡೆ ಉಸಿರಿಗಾಗಿ ನಿಂತರು. ಮುಂದಿನ ಸಾಲು ನಾನು ಓದುತ್ತೇನೆಂದರೆ ಪತ್ರಿಕೆ ಬಿಡಲಿಲ್ಲ.

ನನ್ನದೊಂದು ಸಣ್ಣ ಬೇಡಿಕೆ. ಬಿಡುವಾದಾಗ ತಾವು ನನ್ನ ಅತ್ತೆಯ ಸಮಾಧಿಗೆ ಬಂದು, ಅವರ ಮೇಲಿನ ಆರೋಪವನ್ನು ಹಿಂತೆಗೆದುಕೊಳ್ಳಬೇಕು. ಸ್ವಲ್ಪ ಜೋರಾಗಿ ಹೇಳಿ, ಅವರಿಗೆ ಕಿವಿ ಮಂದವಿತ್ತು.

ತಮ್ಮ ಅಡ್ಡಪ್ರಶ್ನೆಗಳಿಂದ ಬಹಳ ಕಲಿತ, ತಮ್ಮ ವಿಶ್ವಾಸಿ,
ಕಿನುಯೊ ಹಮಾಗುಚಿ

ಮರೆತಿದ್ದೆ: ಹೊಗೆ ನಮ್ಮ ಮೇಲೆ ಬೀಳದೆ ದೂರ ಹೋಗಲೆಂದು ಕಾರ್ಖಾನೆಯವರು ಚಿಮಣಿಗಳನ್ನು ಎರಡು ಪಟ್ಟು ಎತ್ತರಿಸುತ್ತಾರಂತೆ. ತಮ್ಮ ಮನೆ ಇಲ್ಲಿಂದ ಎಷ್ಟು ದೂರವೆಂದು ವಿಚಾರಿಸಿದೆ. ಇನ್ನು ಹೊಗೆ ಹೋಗಿ ಬೀಳುವುದೂ ಸರಿಯಾಗಿ ಅಷ್ಟೇ ದೂರದಲ್ಲಂತೆ.